ಕಣ್ಣಿಗೆ ಹೊಡೆಯದ ಬೆಳಕು

(ಸಂಘದ ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಶಿಬಿರದ ಸಂಚಾಲಕರು ನನ್ನನ್ನು ಕರೆದಾಗ "ತಂತ್ರಜ್ಞಾನ ಮತ್ತು ನಮ್ಮ ಯುವಜನ" ಎಂಬ ವಿಷಯ ಕೊಟ್ಟಿದ್ದರು. ನಾನು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಮೇಷ್ಟ್ರು. ಅಷ್ಟು ದೊಡ್ಡ ವಿಷಯ ನನ್ನಿಂದ ಆಗದು ಎಂದೆ. ಅದರ ಬದಲು ನಮ್ಮ ಮನೆಯ ಒಂದು ಸಣ್ಣ ದೀಪದ ಕಥೆ ಹೇಳುತ್ತೇನೆ ಎಂದೆ. ಅವರು ಒಪ್ಪಿದರು. ಹೀಗಾಗಿ ಇಂದಿನ ನನ್ನ ಮಾತು ಒಂದು ಸರ್ಕ್ಯೂಟಿನ ಬಗ್ಗೆ. ಯಾರಾದರೂ ನಡೆದುಬಂದರೆ ತಾನೇ ಹೊತ್ತಿಕೊಳ್ಳುವ ಎಲ್‌ಇಡಿ ಸ್ಟ್ರಿಪ್ ದೀಪ ಮತ್ತು ಅದರ ಬೆಳಕನ್ನು ಹದವಾಗಿ ಏರಿಸಿ ಇಳಿಸುವ ಬಗೆ.

ಮೊದಲು ಕಾರಣ ಹೇಳುತ್ತೇನೆ. ನಮ್ಮದು ಹಳೆಯ ಮನೆ. ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗಲು ಒಂದು ಉದ್ದ ಓಣಿ, ಅದರ ಕೊನೆಯಲ್ಲಿ ಒಂದು ಮೆಟ್ಟಿಲು ತಗ್ಗು. ನನ್ನ ಉಮ್ಮನಿಗೆ ಎಪ್ಪತ್ತು ದಾಟಿದೆ. ರಾತ್ರಿ ಎರಡು ಮೂರು ಸಲ ಏಳುತ್ತಾರೆ. ಓಣಿಯ ಟ್ಯೂಬ್‌ಲೈಟ್ ಹಾಕಿದರೆ ಮಕ್ಕಳಿಗೆ ಎಚ್ಚರವಾಗುತ್ತದೆ ಎಂದು ಸ್ವಿಚ್ ಮುಟ್ಟುತ್ತಿರಲಿಲ್ಲ. ಗೋಡೆ ಸವರಿಕೊಂಡು ಕತ್ತಲಲ್ಲೇ ಹೋಗುತ್ತಿದ್ದರು. ಒಂದು ರಾತ್ರಿ ಆ ಮೆಟ್ಟಿಲಿನಲ್ಲಿ ಕಾಲು ತಪ್ಪಿ ಬಿದ್ದರು. ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರ್. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಸರ್ಕ್ಯೂಟ್ ಕಲಿಸುವ ಮಗ ಮನೆಯಲ್ಲಿದ್ದೂ ಉಮ್ಮ ಕತ್ತಲಲ್ಲಿ ಬಿದ್ದರು. ಆ ನಾಚಿಕೆಯಿಂದ ಈ ಕೆಲಸ ಶುರುವಾಯಿತು.

ಬೇಕಾದ ಸಾಮಾನು ಹೆಚ್ಚಿಲ್ಲ. 12 ವೋಲ್ಟಿನ ಎಲ್‌ಇಡಿ ಸ್ಟ್ರಿಪ್ 2 ಮೀಟರ್. ಚಲನೆ ಗುರುತಿಸುವ ಪಿಐಆರ್ ಸೆನ್ಸರ್ ಒಂದು. ಎಚ್‌ಸಿ-ಎಸ್‌ಆರ್ 501 ಎಂದು ಕೇಳಿದರೆ ಯಾವ ಬಿಡಿಭಾಗಗಳ ಅಂಗಡಿಯಲ್ಲೂ ಕೊಡುತ್ತಾರೆ. 12 ವೋಲ್ಟಿನ ಅಡಾಪ್ಟರ್ ಒಂದು, ಮೋಸ್‌ಫೆಟ್ ಒಂದು.

ಸ್ಟ್ರಿಪ್‌ನ ಒಳಗೆ ಏನಿದೆ ಎಂದು ತಿಳಿದುಕೊಳ್ಳೋಣ. ಮೂರು ಎಲ್‌ಇಡಿ ಮತ್ತು ಒಂದು ರೆಸಿಸ್ಟರ್ ಸಾಲಾಗಿ ಸೇರಿ ಒಂದು ಗುಂಪು. ಇಂಥ ಗುಂಪುಗಳೆಲ್ಲ ಪಕ್ಕಪಕ್ಕದಲ್ಲಿ ಸಮಾನಾಂತರವಾಗಿವೆ. ಆದ್ದರಿಂದಲೇ ಮೂರು ಎಲ್‌ಇಡಿಗೆ ಒಂದು ಕಡೆ ಕತ್ತರಿಯ ಗುರುತು ಇರುತ್ತದೆ. ಬಿಳಿ ಎಲ್‌ಇಡಿ ಒಂದಕ್ಕೆ ಸುಮಾರು 3 ವೋಲ್ಟ್ ಬೇಕು. ಮೂರಕ್ಕೆ 9. ಉಳಿದ 3 ವೋಲ್ಟ್ ರೆಸಿಸ್ಟರ್ ಮೇಲೆ ಬೀಳುತ್ತದೆ. ಮೀಟರಿಗೆ 60 ಎಲ್‌ಇಡಿ ಇರುವ 5050 ಜಾತಿಯ ಸ್ಟ್ರಿಪ್ ಮೀಟರಿಗೆ 14.4 ವ್ಯಾಟ್ ತಿನ್ನುತ್ತದೆ. 2 ಮೀಟರಿಗೆ 28.8 ವ್ಯಾಟ್, ಅಂದರೆ 2.4 ಆಂಪಿಯರ್. ಈ ಲೆಕ್ಕವನ್ನು ಅಂಗಡಿಗೆ ಹೋಗುವ ಮೊದಲೇ ಮಾಡಬೇಕು. ಅಡಾಪ್ಟರ್ 3 ಆಂಪಿಯರಿಗೆ ಕಡಿಮೆ ಇರಬಾರದು.

ಸೆನ್ಸರ್ ಬಗ್ಗೆಯೂ ಎರಡು ಮಾತು. ಅದು ನಮ್ಮನ್ನು ಕ್ಯಾಮೆರಾದ ಹಾಗೆ ನೋಡುವುದಿಲ್ಲ. ಮನುಷ್ಯನ ಮೈಯಿಂದ ಸದಾ ಅವಗೆಂಪು ಕಿರಣ ಹೊರಡುತ್ತಿರುತ್ತದೆ. ಸೆನ್ಸರಿನ ಮೇಲಿರುವ ಬಿಳಿಯ ಗುಮ್ಮಟ ಒಂದು ಫ್ರೆನೆಲ್ ಲೆನ್ಸ್. ಅದು ಎದುರಿನ ಜಾಗವನ್ನು ಹಲವು ಪಟ್ಟಿಗಳಾಗಿ ವಿಂಗಡಿಸುತ್ತದೆ. ನಾವು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದಾಗ ಒಳಗಿನ ಹರಳಿನ ಮೇಲೆ ಬೀಳುವ ಶಾಖ ಬದಲಾಗುತ್ತದೆ. ಸೆನ್ಸರ್ ಗುರುತಿಸುವುದು ಆ ಬದಲಾವಣೆಯನ್ನು ಮಾತ್ರ. ಹೀಗಾಗಿ ಅಡ್ಡ ಹಾಯುವವರನ್ನು ಅದು ಬೇಗ ಹಿಡಿಯುತ್ತದೆ, ನೇರ ಎದುರಿಗೆ ಬರುವವರನ್ನು ತಡವಾಗಿ ಹಿಡಿಯುತ್ತದೆ, ಅಲ್ಲಾಡದೆ ಕುಳಿತವರನ್ನು ಹಿಡಿಯುವುದೇ ಇಲ್ಲ. ಬೇಸಿಗೆಯಲ್ಲಿ ಕೋಣೆಯ ಶಾಖ ಮೈಶಾಖದ ಹತ್ತಿರ ಬಂದರೆ ಅದರ ಚುರುಕು ಕಡಿಮೆಯಾಗುತ್ತದೆ. ಕರೆಂಟ್ ಕೊಟ್ಟ ಮೇಲೆ ಸುಮಾರು ಒಂದು ನಿಮಿಷ ಅದಕ್ಕೆ ಸುಧಾರಿಸಿಕೊಳ್ಳಲು ಬಿಡಬೇಕು.

ಇನ್ನು ನಾನು ಮಾಡಿದ ತಪ್ಪುಗಳನ್ನು ಒಂದೊಂದಾಗಿ ಹೇಳುತ್ತೇನೆ. ವಿದ್ಯಾರ್ಥಿಗಳು ಇದನ್ನೇ ಹೆಚ್ಚು ಗಮನಿಸಬೇಕು. ಸರಿಯಾದ ಸರ್ಕ್ಯೂಟ್ ಎಲ್ಲ ಪುಸ್ತಕದಲ್ಲೂ ಸಿಗುತ್ತದೆ, ತಪ್ಪು ಸರ್ಕ್ಯೂಟ್ ಏಕೆ ತಪ್ಪು ಎಂಬುದು ಸಿಗುವುದಿಲ್ಲ.

ಮೊದಲನೆಯ ತಪ್ಪು. ನನ್ನ ಪೆಟ್ಟಿಗೆಯಲ್ಲಿ ಹಳೆಯ ಐಆರ್‌ಎಫ್‌ಝಡ್ 44 ಮೋಸ್‌ಫೆಟ್ ಇತ್ತು. ಸೆನ್ಸರಿನ ಔಟ್‌ಪುಟ್ ನೇರ ಅದರ ಗೇಟಿಗೆ ಕೊಟ್ಟೆ. ದೀಪ ಮಂಕಾಗಿ ಹೊತ್ತಿತು, ಮೋಸ್‌ಫೆಟ್ ಮುಟ್ಟಲಾಗದಷ್ಟು ಬಿಸಿಯಾಯಿತು. ಕಾರಣ ಸರಳ. ಆ ಸೆನ್ಸರ್ ಕೊಡುವುದು 3.3 ವೋಲ್ಟ್. ಆ ಮೋಸ್‌ಫೆಟ್ ಪೂರ್ತಿ ತೆರೆಯಲು ಗೇಟಿಗೆ 10 ವೋಲ್ಟ್ ಬೇಕು. ಅರ್ಧ ತೆರೆದ ನಲ್ಲಿಯಂತೆ ಅದು ನಡುವೆ ನಿಂತಿತ್ತು. ಐಆರ್‌ಎಲ್‌ಝಡ್ 44 ಎಂಬ ಇನ್ನೊಂದು ಜಾತಿ ಇದೆ. ಹೆಸರಿನಲ್ಲಿ ಒಂದು ಅಕ್ಷರ ಮಾತ್ರ ಬೇರೆ, ಆದರೆ ಕಡಿಮೆ ವೋಲ್ಟಿನಲ್ಲೇ ತೆರೆಯುತ್ತದೆ. ಅದನ್ನು ಹಾಕಿದೆ. ದೀಪ ಝಗ್ಗೆಂದು ಹೊತ್ತಿತು. ಓಣಿಯೆಲ್ಲ ಹಗಲು. ನನಗೆ ಹೆಮ್ಮೆಯೋ ಹೆಮ್ಮೆ.

ಒಂದು ವಾರದ ನಂತರ ನೋಡುತ್ತೇನೆ, ಸ್ಟ್ರಿಪ್ ಮೇಲೆ ಒಂದು ಹಳೆಯ ಬಟ್ಟೆ ಹೊದೆಸಿದೆ. ಉಮ್ಮನೇ ಹೊದೆಸಿದ್ದು. ಕೇಳಿದರೆ, "ಮಗಾ, ಅದು ಕಣ್ಣಿಗೆ ಹೊಡೆದ ಹಾಗೆ ಆಗ್ತದೆ. ಆಮೇಲೆ ಎರಡು ನಿಮಿಷ ಏನೂ ಕಾಣುವುದಿಲ್ಲ. ಇದಕ್ಕಿಂತ ಕತ್ತಲೆಯೇ ವಾಸಿ" ಎಂದರು.

ಸ್ನೇಹಿತರೇ, ಎಂಜಿನಿಯರಿಂಗ್ ಬಗ್ಗೆ ನನಗೆ ಸಿಕ್ಕ ದೊಡ್ಡ ಪಾಠ ಇದು. ನನ್ನ ಸರ್ಕ್ಯೂಟ್ ಸರಿಯಾಗಿ ಕೆಲಸ ಮಾಡುತ್ತಿತ್ತು. ಆದರೆ ಯಾರಿಗಾಗಿ ಮಾಡಿದ್ದೆನೋ ಅವರಿಗೆ ಅದು ಬೇಡವಾಗಿತ್ತು. ಕತ್ತಲಲ್ಲಿ ನಮ್ಮ ಕಣ್ಣು ನಿಧಾನವಾಗಿ ಚುರುಕಾಗುತ್ತದೆ. ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಂದು ಪ್ರಖರ ಬೆಳಕು ಆ ಚುರುಕನ್ನು ಕ್ಷಣದಲ್ಲಿ ಅಳಿಸಿಬಿಡುತ್ತದೆ. ವಯಸ್ಸಾದವರ ಕಣ್ಣು ಮತ್ತೆ ಹೊಂದಿಕೊಳ್ಳುವುದು ಇನ್ನೂ ನಿಧಾನ. ನಾನು ಉಮ್ಮನಿಗೆ ದಾರಿ ತೋರಿಸುವ ಬದಲು ಮೆಟ್ಟಿಲಿನ ಹತ್ತಿರ ಅವರ ಕಣ್ಣು ಕಟ್ಟುತ್ತಿದ್ದೆ.

ಆದ್ದರಿಂದ ಬೆಳಕು ಮೆಲ್ಲಗೆ ಏರಬೇಕು, ಕಡಿಮೆಯಲ್ಲೇ ನಿಲ್ಲಬೇಕು, ಮೆಲ್ಲಗೆ ಇಳಿಯಬೇಕು ಎಂದು ತೀರ್ಮಾನಿಸಿದೆ. ಇಲ್ಲಿ ಎರಡನೆಯ ತಪ್ಪು. ಸೆನ್ಸರ್ ಮತ್ತು ಗೇಟಿನ ನಡುವೆ ಒಂದು ದೊಡ್ಡ ರೆಸಿಸ್ಟರ್, ಗೇಟಿನಿಂದ ನೆಲಕ್ಕೆ ಒಂದು ಕೆಪಾಸಿಟರ್ ಹಾಕಿದೆ. ಕೆಪಾಸಿಟರ್ ನಿಧಾನವಾಗಿ ತುಂಬುತ್ತದೆ, ದೀಪ ನಿಧಾನವಾಗಿ ಏರುತ್ತದೆ ಎಂಬ ಎಣಿಕೆ. ಆದರೆ ಮೊದಲ ಕೆಲವು ಸೆಕೆಂಡು ಏನೂ ಇಲ್ಲ, ಆಮೇಲೆ ಸರ್ರನೆ ಪೂರ್ತಿ. ಏಕೆಂದರೆ ಮೋಸ್‌ಫೆಟ್ ಮುಚ್ಚಿದ ಸ್ಥಿತಿಯಿಂದ ತೆರೆದ ಸ್ಥಿತಿಗೆ ಹೋಗುವುದು ಗೇಟಿನ ಬಹಳ ಕಿರಿದಾದ ವೋಲ್ಟೇಜ್ ಅಂತರದಲ್ಲಿ. ಸರಿ, ನಡುವೆಯೇ ನಿಲ್ಲಿಸೋಣ ಎಂದು ಪ್ರಯತ್ನಿಸಿದರೆ ಮತ್ತೆ ಬಿಸಿ. ಲೆಕ್ಕ ನೋಡಿ. ರೆಸಿಸ್ಟರುಗಳ ಪಾಲಿನ 3 ವೋಲ್ಟಿನಲ್ಲಿ ಅರ್ಧವನ್ನು, ಅಂದರೆ 1.5 ವೋಲ್ಟನ್ನು ಮೋಸ್‌ಫೆಟ್ ಹಿಡಿದುಕೊಂಡರೆ ಕರೆಂಟ್ 2.4ರ ಅರ್ಧ, 1.2 ಆಂಪಿಯರ್. 1.5 × 1.2 = 1.8 ವ್ಯಾಟ್. ಹೀಟ್‌ಸಿಂಕ್ ಇಲ್ಲದ ಮೋಸ್‌ಫೆಟ್ ಒಂದೊಂದು ವ್ಯಾಟಿಗೂ ಸುಮಾರು 60 ಡಿಗ್ರಿ ಬಿಸಿಯೇರುತ್ತದೆ. ಕೋಣೆಯ ಶಾಖದ ಮೇಲೆ 100 ಡಿಗ್ರಿಗೂ ಹೆಚ್ಚು! ನನ್ನ ತೋರುಬೆರಳಿನಲ್ಲಿ ಇನ್ನೂ ಗುರುತಿದೆ.

ಇದಕ್ಕೆ ಪರಿಹಾರ ಪಿಡಬ್ಲ್ಯುಎಂ. ದೀಪವನ್ನು ಅರ್ಧ ಹೊತ್ತಿಸುವ ಬದಲು ಪೂರ್ತಿ ಹೊತ್ತಿಸಿ ಪೂರ್ತಿ ಆರಿಸುವುದು, ಆದರೆ ಕಣ್ಣಿಗೆ ತಿಳಿಯದಷ್ಟು ವೇಗದಲ್ಲಿ. ಸೆಕೆಂಡಿಗೆ 490 ಸಲ ಹೊತ್ತಿಸಿ ಆರಿಸುತ್ತೇವೆ ಎಂದುಕೊಳ್ಳಿ. ಪ್ರತಿ ಸುತ್ತಿನಲ್ಲಿ ನಾಲ್ಕನೇ ಒಂದು ಭಾಗ ಮಾತ್ರ ಹೊತ್ತಿದ್ದರೆ ನಾಲ್ಕನೇ ಒಂದು ಭಾಗ ಬೆಳಕು. ಮೋಸ್‌ಫೆಟ್ ಒಂದೋ ಪೂರ್ತಿ ತೆರೆದಿರುತ್ತದೆ ಇಲ್ಲವೇ ಪೂರ್ತಿ ಮುಚ್ಚಿರುತ್ತದೆ. ಪೂರ್ತಿ ತೆರೆದಾಗ ಅದರ ಒಳಗಿನ ತಡೆ ಸುಮಾರು 0.025 ಓಮ್. 2.4 × 2.4 × 0.025 ಎಂದರೆ 0.14 ವ್ಯಾಟ್. ಮುಟ್ಟಿದರೆ ಬೆಚ್ಚಗೂ ಆಗುವುದಿಲ್ಲ ಎನ್ನಬಹುದು.

ಈ ಕೆಲಸಕ್ಕೆ ಆರ್ಡುಯಿನೋ ನ್ಯಾನೋ ಎಂಬ ಪುಟ್ಟ ಬೋರ್ಡ್ ಬಳಸಿದೆ. 2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದಲ್ಲಿ ವಿದ್ಯಾರ್ಥಿಗಳಿಗಾಗಿಯೇ ಆರಂಭವಾದ ಯೋಜನೆ ಅದು. ಜೋಡಣೆ ಹೀಗೆ. ಸ್ಟ್ರಿಪ್‌ನ ಪ್ಲಸ್ ನೇರ 12 ವೋಲ್ಟಿಗೆ. ಸ್ಟ್ರಿಪ್‌ನ ಮೈನಸ್ ಮೋಸ್‌ಫೆಟ್‌ನ ಡ್ರೇನಿಗೆ. ಸೋರ್ಸ್ ನೆಲಕ್ಕೆ. ಬೋರ್ಡಿನ 9ನೇ ಪಿನ್‌ನಿಂದ 220 ಓಮ್ ರೆಸಿಸ್ಟರ್ ಮೂಲಕ ಗೇಟಿಗೆ. ಗೇಟಿನಿಂದ ನೆಲಕ್ಕೆ ಒಂದು 10 ಕಿಲೋ ಓಮ್. ಬೋರ್ಡ್ ಶುರುವಾಗುವ ಹೊತ್ತಿನಲ್ಲಿ ಗೇಟ್ ಅನಾಥವಾಗಿ ತೇಲಬಾರದು ಎಂದು ಇದು. ಸೆನ್ಸರಿನ ಔಟ್‌ಪುಟ್ 2ನೇ ಪಿನ್‌ಗೆ. ಅಡಾಪ್ಟರ್, ಬೋರ್ಡ್, ಸೆನ್ಸರ್ ಮೂರರ ನೆಲದ ತಂತಿಯೂ ಒಂದೇ ಆಗಿರಬೇಕು. ನನ್ನ ಅನುಭವದಲ್ಲಿ ವಿದ್ಯಾರ್ಥಿಗಳು ಹೆಚ್ಚಾಗಿ ಮರೆಯುವುದು ಇದನ್ನೇ.

ಮೂರನೆಯ ತಪ್ಪು ಸರ್ಕ್ಯೂಟಿನಲ್ಲಿ ಇರಲಿಲ್ಲ, ನನ್ನ ತಿಳುವಳಿಕೆಯಲ್ಲಿತ್ತು. ಬೋರ್ಡಿಗೆ 0ಯಿಂದ 255ರವರೆಗೆ ಸಂಖ್ಯೆ ಕೊಟ್ಟು ಬೆಳಕು ಹೊಂದಿಸುತ್ತೇವೆ. ನಾನು 0, 1, 2, 3 ಎಂದು ಒಂದೇ ಸಮನೆ ಏರಿಸಿದೆ. ಆದರೂ ಬೆಳಕು ಮೊದಲಿಗೆ ಹಾರಿ ಬಂದಂತೆ, ಆಮೇಲೆ ನಿಂತುಬಿಟ್ಟಂತೆ ಕಂಡಿತು. ಏಕೆ? ಕತ್ತಲ ಕೋಣೆಯಲ್ಲಿ ಒಂದು ಮೊಂಬತ್ತಿ ಉರಿಯುತ್ತಿದೆ. ಎರಡನೆಯದು ಹಚ್ಚಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ನೂರು ಮೊಂಬತ್ತಿಯ ನಡುವೆ ನೂರೊಂದನೆಯದು ಹಚ್ಚಿದರೆ ಯಾರಿಗೂ ತಿಳಿಯದು. ಹಚ್ಚಿದ್ದು ಎರಡು ಕಡೆಯೂ ಒಂದೇ ಮೊಂಬತ್ತಿ. ಕಣ್ಣು ಎಷ್ಟು ಕೂಡಿತು ಎಂದು ನೋಡುವುದಿಲ್ಲ, ಎಷ್ಟು ಪಟ್ಟಾಯಿತು ಎಂದು ನೋಡುತ್ತದೆ. 1ರಿಂದ 2ಕ್ಕೆ ಹೋದರೆ ಬೆಳಕು ಇಮ್ಮಡಿ. 200ರಿಂದ 201ಕ್ಕೆ ಹೋದರೆ ಶೇಕಡಾ ಅರ್ಧ ಮಾತ್ರ. ಜರ್ಮನಿಯ ವೆಬರ್ ಮತ್ತು ಫೆಕ್ನರ್ ಎಂಬ ವಿಜ್ಞಾನಿಗಳು 19ನೇ ಶತಮಾನದಲ್ಲೇ ಇದನ್ನು ನಿಯಮವಾಗಿ ಹೇಳಿದ್ದರು. ಪಾಠದಲ್ಲಿ ಓದಿದ್ದೆ, ಉಪಯೋಗಿಸಿರಲಿಲ್ಲ.

ಪರಿಹಾರಕ್ಕೆ ಹೈಸ್ಕೂಲಿನ ಗಣಿತ ಸಾಕು. ಕಣ್ಣಿನ ಲೆಕ್ಕದಲ್ಲಿ 100 ಮೆಟ್ಟಿಲು ಇವೆ ಎಂದುಕೊಳ್ಳಿ. ಮೆಟ್ಟಿಲಿನ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, 10,000ದಿಂದ ಭಾಗಿಸಿ. ಬರುವ ಭಾಗದಷ್ಟು ಬೆಳಕು ಕೊಡಿ. 50ನೇ ಮೆಟ್ಟಿಲಿಗೆ 2,500, ಅಂದರೆ ಕಾಲು ಭಾಗ. ಕಣ್ಣಿಗೆ ಅದು ಹೆಚ್ಚುಕಡಿಮೆ ಅರ್ಧ ಬೆಳಕಿನಂತೆ ಕಾಣುತ್ತದೆ. ಉಮ್ಮನನ್ನು ಓಣಿಯಲ್ಲಿ ನಿಲ್ಲಿಸಿ, ಒಂದೊಂದೇ ಮೆಟ್ಟಿಲು ಏರಿಸುತ್ತಾ, "ಮೆಟ್ಟಿಲಿನ ಅಂಚು ಕಾಣುತ್ತದೆಯೇ, ಕಣ್ಣಿಗೆ ಚುಚ್ಚುತ್ತದೆಯೇ" ಎಂದು ಕೇಳಿದೆ. 35ರಲ್ಲಿ "ಸಾಕು" ಎಂದರು. 35 × 35 = 1,225. ಅಂದರೆ ಶೇಕಡಾ 12 ಮತ್ತು ಕಾಲು, 255ರಲ್ಲಿ 31. ಅಷ್ಟು ದಿನ ನಾನು ಉಮ್ಮನಿಗೆ ಬೇಕಾದುದಕ್ಕಿಂತ ಎಂಟು ಪಟ್ಟು ಬೆಳಕು ಸುರಿದಿದ್ದೆ! ವಿದ್ಯುತ್ತು 28.8 ವ್ಯಾಟಿನಿಂದ ಮೂರೂವರೆ ವ್ಯಾಟಿಗೆ ಇಳಿಯಿತು.

ಪ್ರೋಗ್ರಾಮಿನ ತರ್ಕ ಹೀಗಿದೆ. ಮೂರು ಸಂಖ್ಯೆ ನೆನಪಿಡಬೇಕು: ಈಗ ನಿಂತಿರುವ ಮೆಟ್ಟಿಲು, ತಲುಪಬೇಕಾದ ಮೆಟ್ಟಿಲು, ಕೊನೆಯ ಸಲ ಚಲನೆ ಕಂಡ ಹೊತ್ತು. ಸೆನ್ಸರ್ ಚಲನೆ ಹೇಳಿದರೆ ಗುರಿ 35. ಕೊನೆಯ ಚಲನೆಯಾಗಿ 40 ಸೆಕೆಂಡ್ ಕಳೆದರೆ ಗುರಿ ಕೆಳಗೆ. ಏರುವಾಗ ಸೆಕೆಂಡಿನ ಇಪ್ಪತ್ತನೇ ಒಂದು ಭಾಗಕ್ಕೆ ಒಂದು ಮೆಟ್ಟಿಲು, ಇಳಿಯುವಾಗ ಅದರ ಮೂರು ಪಟ್ಟು ನಿಧಾನ. ಇಳಿಯುತ್ತಿರುವಾಗ ಮತ್ತೆ ಚಲನೆ ಕಂಡರೆ, ಎಲ್ಲಿದೆಯೋ ಅಲ್ಲಿಂದಲೇ ಮತ್ತೆ ಏರಬೇಕು, ಸೊನ್ನೆಗೆ ಹೋಗಿ ಬರಬಾರದು. ಹೀಗಾಗಿ ಇಡೀ ಪ್ರೋಗ್ರಾಮನ್ನು ನಿಲ್ಲಿಸಿ ಕಾಯುವ ಆಜ್ಞೆ ಬಳಸಬೇಡಿ, ಗಡಿಯಾರ ನೋಡಿಕೊಂಡು ನಡೆಯಲು ಹೇಳಿ. ಸೆನ್ಸರಿನ ಮೇಲಿರುವ ಸಮಯದ ತಿರುಪನ್ನು ಅತಿ ಕಡಿಮೆಗೆ ಇಡಿ. ಕಾಯುವ ಕೆಲಸ ಪ್ರೋಗ್ರಾಮಿನದು.

ಇಷ್ಟಾದ ಮೇಲೂ ಉಮ್ಮ ಒಂದು ಮಾತು ಹೇಳಿದರು. "ಪೂರ್ತಿ ಆರಿಸಬೇಡ ಮಗಾ. ಹಾಸಿಗೆಯಿಂದ ಎದ್ದಾಗ ಬಾಗಿಲು ಎಲ್ಲಿದೆ ಎಂದು ಗೊತ್ತಾಗುವಷ್ಟು ಇರಲಿ." ನಾನು ಯೋಚಿಸಿಯೇ ಇರಲಿಲ್ಲ. ಸೆನ್ಸರ್ ನಮ್ಮನ್ನು ಕಂಡು ದೀಪ ಏರುವ ಮೊದಲು ಒಂದೆರಡು ಹೆಜ್ಜೆ ಕತ್ತಲಲ್ಲೇ ಇಟ್ಟಿರುತ್ತೇವೆ. ಕಾಲು ತಪ್ಪಲು ಅಷ್ಟು ಸಾಕು. ಈಗ ಕೆಳಗಿನ ಗುರಿಯನ್ನು 7ನೇ ಮೆಟ್ಟಿಲಿಗೆ ಇಟ್ಟಿದ್ದೇನೆ. 255ರಲ್ಲಿ 1. ಇಡೀ ಸ್ಟ್ರಿಪ್‌ಗೆ ಒಂದು ವ್ಯಾಟಿನ ಹತ್ತನೇ ಒಂದು ಭಾಗದಷ್ಟು. ಕತ್ತಲಿಗೆ ಹೊಂದಿದ ಕಣ್ಣಿಗೆ ಅದು ಧಾರಾಳ. ಈ ಸರ್ಕ್ಯೂಟಿನ ಅತ್ಯುತ್ತಮ ಭಾಗವನ್ನು ವಿನ್ಯಾಸ ಮಾಡಿದವರು ಎಂದೂ ಶಾಲೆಯ ಮೆಟ್ಟಿಲು ಹತ್ತದ ನನ್ನ ಉಮ್ಮ.

ಮಾಡಿ ನೋಡುವವರಿಗೆ ಕೆಲವು ಎಚ್ಚರಿಕೆಗಳು.

ಫ್ಯಾನಿನ ರೆಗ್ಯುಲೇಟರನ್ನು ಅಡಾಪ್ಟರಿನ ಹಿಂದೆ ಹಾಕಿ ಬೆಳಕು ಕಡಿಮೆ ಮಾಡಲು ಹೋಗಬೇಡಿ. ಸಾಮಾನ್ಯ ಅಡಾಪ್ಟರ್ ಅದಕ್ಕಾಗಿ ಮಾಡಿದ್ದಲ್ಲ, ದೀಪ ಮಿಣುಕುತ್ತದೆ, ಅಡಾಪ್ಟರ್ ಕೆಡುತ್ತದೆ. ನಮ್ಮ ಪ್ರಯೋಗವೆಲ್ಲ 12 ವೋಲ್ಟಿನ ಕಡೆಯೇ ಇರಲಿ. 230 ವೋಲ್ಟಿನ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡಿ.

ದೀಪ ಆರಿದ ಕೂಡಲೇ ತಾನೇ ಮತ್ತೆ ಹೊತ್ತಿಕೊಂಡರೆ ಭೂತಚೇಷ್ಟೆ ಎಂದು ಹೆದರಬೇಡಿ. ಸ್ಟ್ರಿಪ್‌ನ ದೊಡ್ಡ ಕರೆಂಟ್ ನಿಂತಾಗ ವೋಲ್ಟೇಜ್ ಸ್ವಲ್ಪ ಕುಪ್ಪಳಿಸುತ್ತದೆ, ಸೆನ್ಸರ್ ಅದನ್ನೇ ಚಲನೆ ಎಂದು ತಿಳಿಯುತ್ತದೆ. ಸೆನ್ಸರಿನ ಹತ್ತಿರ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ಅದರ ತಂತಿಯನ್ನು ಸ್ಟ್ರಿಪ್‌ನ ತಂತಿಯಿಂದ ಪ್ರತ್ಯೇಕವಾಗಿ ಅಡಾಪ್ಟರಿನಿಂದಲೇ ಎಳೆಯಿರಿ.

ಸೆನ್ಸರನ್ನು ಮೊಣಕಾಲಿನ ಎತ್ತರದಲ್ಲಿ, ದಾರಿಗೆ ಅಡ್ಡ ನೋಡುವಂತೆ ಇಡಿ. ಹಾಸಿಗೆಯ ಕಡೆ ತಿರುಗಿಸಬೇಡಿ, ನಿದ್ದೆಯಲ್ಲಿ ಮಗ್ಗುಲಾದರೂ ದೀಪ ಏರುತ್ತದೆ. ಬೇಡದ ದಿಕ್ಕಿಗೆ ಗುಮ್ಮಟದ ಮೇಲೆ ಇನ್ಸುಲೇಷನ್ ಟೇಪ್ ಅಂಟಿಸಿದರೆ ಆಯಿತು. ಸ್ಟ್ರಿಪ್ ನೆಲವನ್ನು ಬೆಳಗಬೇಕು, ಕಣ್ಣಿಗೆ ನೇರ ಕಾಣಬಾರದು. ಬಣ್ಣ ಹಳದಿ ಮಿಶ್ರಿತ ಬಿಳಿಯೇ ಇರಲಿ. ನೀಲಿ ಹೆಚ್ಚಿರುವ ಬೆಳಕು ನಿದ್ದೆ ಕೆಡಿಸುತ್ತದೆ.

ಕರೆಂಟ್ ಹೋದರೆ? 12 ವೋಲ್ಟ್ 7 ಆಂಪಿಯರ್ ಅವರ್‌ನ ಸಣ್ಣ ಬ್ಯಾಟರಿ, ಅರ್ಧ ಮಾತ್ರ ಬಳಸಿದರೂ, ಈ ಮಂದ ಬೆಳಕನ್ನು ಹತ್ತು ಗಂಟೆ ಕೊಡುತ್ತದೆ. ಆದರೆ ಚಾರ್ಜ್ ಆಗುವ ಹೊತ್ತಿನಲ್ಲಿ ಬ್ಯಾಟರಿಯ ವೋಲ್ಟೇಜ್ 14.4ರವರೆಗೂ ಏರುತ್ತದೆ. ಆಗ ರೆಸಿಸ್ಟರಿನ ಪಾಲು 3 ವೋಲ್ಟಿನಿಂದ 5.4ಕ್ಕೆ ಜಿಗಿಯುತ್ತದೆ, ಕರೆಂಟೂ ಅದೇ ಪ್ರಮಾಣದಲ್ಲಿ. ಚಾರ್ಜ್ ಆಗುವಾಗ ಸ್ಟ್ರಿಪ್‌ ಸಂಪರ್ಕ ತಪ್ಪಿಸಿ.

ಕೊನೆಯದಾಗಿ, ಡ್ರೇನ್ ಮತ್ತು ಸೋರ್ಸಿನ ನಡುವೆ ಒಂದು ಸಾದಾ ಸ್ವಿಚ್ ಹಾಕಿ. ಬೋರ್ಡ್ ಕೆಟ್ಟರೂ ಸ್ವಿಚ್ ಒತ್ತಿದರೆ ದೀಪ ಹೊತ್ತಬೇಕು. ಯಂತ್ರ ಕೆಟ್ಟ ರಾತ್ರಿಯಲ್ಲೂ ಮನುಷ್ಯ ಬೀಳಬಾರದು.

ವಿದ್ಯಾರ್ಥಿ ಮಿತ್ರರೇ, ನಿಮಗೆ ಒಂದು ಮನೆಗೆಲಸ ಕೊಟ್ಟು ಮುಗಿಸುತ್ತೇನೆ. ನನ್ನ ದೀಪದಲ್ಲಿ ಇನ್ನೂ ಒಂದು ಕೊರತೆ ಇದೆ. ಅತಿ ಕಡಿಮೆ ಬೆಳಕಿನಲ್ಲಿ 1ರಿಂದ 2ಕ್ಕೆ, 2ರಿಂದ 3ಕ್ಕೆ ಹೋಗುವಾಗ ಜಿಗಿತ ಕಾಣುತ್ತದೆ. 255 ಮೆಟ್ಟಿಲು ಸಾಲದು. ಅದೇ ಬೋರ್ಡಿನ 9ನೇ ಪಿನ್‌ನ ಹಿಂದಿರುವ ಟೈಮರ್‌ಗೆ 1,023 ಮೆಟ್ಟಿಲು ಕೊಡುವ ಶಕ್ತಿ ಇದೆ. ಅದನ್ನು ಹೇಗೆ ಬಳಸುವುದು ಎಂದು ನೀವು ಕಂಡುಹಿಡಿದು ಮುಂದಿನ ಶಿಬಿರದಲ್ಲಿ ನನಗೆ ತೋರಿಸಿ.

ಆದರೆ ಬೆಸುಗೆ ಕಡ್ಡಿ ಬಿಸಿ ಮಾಡುವ ಮೊದಲು ಇನ್ನೊಂದು ಕೆಲಸ ಮಾಡಿ. ಇಂದು ರಾತ್ರಿ ನಿಮ್ಮ ಮನೆಯ ಅಜ್ಜನೋ ಅಜ್ಜಿಯೋ ಎದ್ದಾಗ ನೀವೂ ಎದ್ದು ಅವರ ಹಿಂದೆ ನಡೆಯಿರಿ. ಅವರ ಕೈ ಗೋಡೆಯನ್ನು ಎಲ್ಲಿ ಹುಡುಕುತ್ತದೆ, ಕಾಲು ಎಲ್ಲಿ ಅನುಮಾನಿಸುತ್ತದೆ ಎಂದು ನೋಡಿ. ನಿಮ್ಮ ಸರ್ಕ್ಯೂಟಿನ ಮೊದಲ ಅಳತೆ ಅಲ್ಲಿ ಸಿಗುತ್ತದೆ. ಮಲ್ಟಿಮೀಟರ್ ಆಮೇಲೆ.

ನಮ್ಮ ಮನೆಯ ಸ್ಟ್ರಿಪ್ ಮೇಲೆ ಈಗ ಬಟ್ಟೆ ಇಲ್ಲ.